ಮೊದಲ ಕ್ರೂಸಿಗೆ ಕ್ಯಾಬಿನ್: ಎಂಟನೇ ಡೆಕ್ಕಿನಲ್ಲಿ ಏಳು ರಾತ್ರಿ

ಚಿಕ್ಕವರಾಗಿದ್ದಾಗ ನಾನೂ ನನ್ನ ಪತಿಯೂ ನಮ್ಮ ನಮ್ಮ ತಂದೆತಾಯಿಯರೊಂದಿಗೆ ಒಂದೊಂದು ಸಲ ಕ್ರೂಸ್ ಹಡಗಿನಲ್ಲಿ ಪ್ರಯಾಣ ಮಾಡಿದವರು. ಆಗಿನ ಕ್ಯಾಬಿನ್ ಹೇಗಿತ್ತು ಎಂದು ಕೇಳಿದರೆ ನನಗೆ ನೆನಪಿರುವುದು ಮೇಲಿನಿಂದ ಕೆಳಗಿಳಿಸುತ್ತಿದ್ದ ಮಡಿಸುವ ಹಾಸಿಗೆ ಮತ್ತು ಅದಕ್ಕೆ ಸಿಕ್ಕಿಸುತ್ತಿದ್ದ ಪುಟ್ಟ ಏಣಿ ಮಾತ್ರ. ಅವರಿಗೆ ನೆನಪಿರುವುದು ಒಂದು ದುಂಡು ಕಿಟಕಿ. ಕೋಣೆ ಯಾವ ಡೆಕ್ಕಿನಲ್ಲಿತ್ತು, ಅದಕ್ಕೆ ಎಷ್ಟು ತೆತ್ತಿದ್ದರು, ಹಿರಿಯರಿಗೆ ರಾತ್ರಿ ನಿದ್ದೆ ಬರುತ್ತಿತ್ತೋ ಇಲ್ಲವೋ ಎಂಬುದೆಲ್ಲ ಮಕ್ಕಳ ಗಮನಕ್ಕೆ ಬರುವ ವಿಷಯವಲ್ಲ. ಹೀಗಾಗಿ ದೊಡ್ಡವರಾದ ಮೇಲೆ ಇಬ್ಬರೇ ಏಳು ರಾತ್ರಿಗಳ ಯಾನಕ್ಕೆ ಹೊರಡುವುದೆಂದು ತೀರ್ಮಾನವಾದಾಗ, ಕ್ಯಾಬಿನ್ ಆರಿಸುವ ಕೆಲಸದಲ್ಲಿ ನಾವಿಬ್ಬರೂ ಹೊಸಬರೇ ಆಗಿದ್ದೆವು. ಎರಡು ವಾರ ಅಳೆದು ಸುರಿದು ಕೊನೆಗೆ ತೆಗೆದುಕೊಂಡದ್ದು ಹಡಗಿನ ನಡುಭಾಗದಲ್ಲಿ, ಎಂಟನೇ ಡೆಕ್ಕಿನಲ್ಲಿದ್ದ ಒಂದು ಬಾಲ್ಕನಿ ಕ್ಯಾಬಿನ್. ಹಡಗಿನ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನ್ನ ದೂರಿರುವುದು ಒಂದು ಬಗೆಯ ಕೋಣೆಯ ಮೇಲೆ, ಅಂಥ ಕೋಣೆಗಳು ಎಲ್ಲ ದೊಡ್ಡ ಹಡಗುಗಳಲ್ಲಿಯೂ ಇವೆ.

ಬಗೆಗಳ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. ಕಿಟಕಿಯೇ ಇಲ್ಲದ ಇನ್‌ಸೈಡ್, ತೆರೆಯಲಾಗದ ಗಾಜಿನ ಕಿಟಕಿಯ ಓಷನ್ ವ್ಯೂ, ಬಾಲ್ಕನಿ, ಅದರ ಮೇಲೆ ಸೂಟ್: ಹೆಚ್ಚುಕಡಿಮೆ ಎಲ್ಲ ಕಡೆ ಇರುವುದು ಈ ನಾಲ್ಕೇ. ಇನ್‌ಸೈಡ್ ಕೋಣೆ ಸಾಮಾನ್ಯವಾಗಿ 140ರಿಂದ 180 ಚದರ ಅಡಿಯಷ್ಟಿರುತ್ತದೆ, ಬಾಲ್ಕನಿ ಕ್ಯಾಬಿನ್ನಿನ ಒಳಗಿನ ಜಾಗ ಅದಕ್ಕಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಹೆಚ್ಚಿನ ಹಣ ಹೋಗುವುದು ಎರಡು ಕುರ್ಚಿ ಮತ್ತು ಒಂದು ಸಣ್ಣ ಮೇಜು ಹಿಡಿಸುವ ಹೊರಗಿನ ಪಟ್ಟಿಗೆ. ದರವನ್ನು ತಲೆಗೆ ಇಷ್ಟೆಂದು, ಅದೂ ಒಂದು ಕೋಣೆಯಲ್ಲಿ ಇಬ್ಬರಿರುತ್ತಾರೆ ಎಂಬ ಲೆಕ್ಕದಲ್ಲಿ ತೋರಿಸುವುದು ಈ ವ್ಯಾಪಾರದ ವಾಡಿಕೆಯಾದ್ದರಿಂದ, ಎರಡು ಬಗೆಗಳ ನಡುವಿನ ವ್ಯತ್ಯಾಸ ಪರದೆಯ ಮೇಲೆ ಕಾಣುವುದಕ್ಕಿಂತ ದಂಪತಿಗಳಿಗೆ ನಿಜವಾಗಿ ಇಮ್ಮಡಿಯಾಗಿರುತ್ತದೆ. ಈ ಸರಳ ಗುಣಾಕಾರ ನಮಗೆ ಹೊಳೆದದ್ದು ಹಣ ಕಟ್ಟುವ ಪುಟಕ್ಕೆ ಬಂದಾಗ.

ಆದರೆ ಬಗೆಯ ಹೆಸರನ್ನು ಪೂರ್ತಿ ನಂಬುವಂತಿಲ್ಲ. ಎಲ್ಲ ಕ್ಯಾಬಿನ್‌ಗಳೂ ಹೊರಮುಖವಾಗಿರುವ ರಾಯಲ್ ಪ್ರಿನ್ಸೆಸ್ ಹಡಗು 1984ರಲ್ಲಿ ಬಂದಾಗ ಅದೇ ಒಂದು ಸುದ್ದಿಯಾಗಿತ್ತು. ಇಂದು ಹೊರಮುಖ, ಒಳಮುಖ ಎಂಬ ಮಾತುಗಳೇ ಕಲಸಿಹೋಗಿವೆ. 1999ರ ವಾಯೇಜರ್ ಆಫ್ ದಿ ಸೀಸ್ ಹಡಗಿನಲ್ಲಿ ಒಳಗಿನ ಕೆಲವು ಕೋಣೆಗಳಿಗೂ ಕಿಟಕಿಗಳಿದ್ದವು, ಆದರೆ ಅವು ತೆರೆದುಕೊಂಡದ್ದು ಹಡಗಿನ ನಡುವಿನ ಅಂಗಡಿ ಬೀದಿಗೆ. 2009ರ ಒಯಾಸಿಸ್ ಆಫ್ ದಿ ಸೀಸ್ ಬಂದ ಮೇಲೆ ಸಮುದ್ರವನ್ನೇ ನೋಡದೆ ಒಳಗಿನ ಉದ್ಯಾನದತ್ತ ಮುಖ ಮಾಡಿದ ಬಾಲ್ಕನಿಗಳೂ ಬಂದವು. 2011ರ ಡಿಸ್ನಿ ಡ್ರೀಮ್‌ನಲ್ಲಿ ಒಳಕೋಣೆಯ ಗೋಡೆಗೆ ದುಂಡು ಪರದೆ ಕೂರಿಸಿ, ಹೊರಗಿನ ಕ್ಯಾಮೆರಾದ ಚಿತ್ರವನ್ನು ಅದರಲ್ಲಿ ತೋರಿಸಿದರು. 2018ರ ಸೆಲೆಬ್ರಿಟಿ ಎಡ್ಜ್‌ನಲ್ಲಿ ಬಾಲ್ಕನಿ ಎಂಬುದು ಕೋಣೆಯದೇ ಮುಂದುವರಿಕೆ. ಗುಂಡಿ ಒತ್ತಿದರೆ ದೊಡ್ಡ ಕಿಟಕಿಯ ಮೇಲಿನ ಅರ್ಧ ಕೆಳಗಿಳಿಯುತ್ತದೆ, ಅಷ್ಟೇ. ಇವುಗಳಲ್ಲಿ ಯಾವುದೂ ಮೋಸವಲ್ಲ. ಆದರೂ "ಬಾಲ್ಕನಿ" ಎಂಬ ಒಂದೇ ಪದವನ್ನು ನೋಡಿ ಹಣ ಕಟ್ಟುವವರು, ಅದು ಯಾವುದರತ್ತ ಮುಖ ಮಾಡಿದೆ ಎಂಬ ಸಣ್ಣ ಅಕ್ಷರದ ಸಾಲನ್ನೂ ಓದಬೇಕಾಗುತ್ತದೆ.

ಎರಡು ವಾರಗಳ ಓದಿನಲ್ಲಿ ನಮಗೆ ನಿಜವಾಗಿ ಪ್ರಯೋಜನಕ್ಕೆ ಬಂದದ್ದು ಥಳಥಳಿಸುವ ಕೋಣೆಯ ಚಿತ್ರಗಳಲ್ಲ, ಡೆಕ್ ಪ್ಲಾನ್. ನಮ್ಮ ಕೋಣೆಯಿರುವ ಡೆಕ್ಕಿನ ನಕ್ಷೆಯನ್ನಷ್ಟೇ ನೋಡಿದರೆ ಸಾಲದು; ಅದರ ಮೇಲಿನದನ್ನೂ ಕೆಳಗಿನದನ್ನೂ ಪಕ್ಕಪಕ್ಕದಲ್ಲಿ ತೆರೆದುಕೊಂಡು, ಒಂದೇ ಜಾಗದ ಮೇಲೆ ಬೆರಳಿಟ್ಟು ನೋಡಬೇಕು. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ, ಬೆಳಕು ಹರಿಯುವ ಮೊದಲೇ ಸಿಬ್ಬಂದಿ ಒರಗು ಕುರ್ಚಿಗಳನ್ನು ಎಳೆದು ಸಾಲಾಗಿಡುವ ಸದ್ದು ನೇರವಾಗಿ ತಲೆದಿಂಬಿಗೇ ಇಳಿಯುತ್ತದೆ. ಮೇಲೆ ಅಡುಗೆಮನೆ ಇದ್ದರೆ ತಳ್ಳುಗಾಡಿಗಳ ಗಾಲಿ, ಕೆಳಗೆ ರಂಗಮಂದಿರವೋ ನೃತ್ಯಶಾಲೆಯೋ ಇದ್ದರೆ ಮಧ್ಯರಾತ್ರಿಯವರೆಗೆ ಡ್ರಮ್ಮಿನ ಗುಡುಗು. ತೀರ ಮುಂಭಾಗದ ಕೆಳಡೆಕ್ಕಿನಲ್ಲಿ ಲಂಗರಿನ ಸರಪಳಿ ಇಳಿಯುವ ಸದ್ದೂ, ಬಂದರಿನಲ್ಲಿ ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್‌ಗಳ ನಡುಕವೂ ಇರುತ್ತವೆ. ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇರುವ ಡೆಕ್ ಸಿಕ್ಕರೆ ಈ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ. ನಮ್ಮದು ಅಂಥ ಡೆಕ್ಕೇ ಆಗಿತ್ತು. ಏಳು ರಾತ್ರಿಯಲ್ಲಿ ಮೇಲಿನಿಂದ ಕೇಳಿದ್ದು ಒಂದೇ ಒಂದು ಸಲ, ಯಾರೋ ಬರಿಗಾಲಿನಲ್ಲಿ ಓಡಿದ ಸದ್ದು.

ಓಲಾಟದ ವಿಷಯವಾಗಿ ನನಗೆ ಭಯವಿತ್ತು. ಹಡಗು ಎಡಬಲಕ್ಕೆ ತೂಗುವುದನ್ನು ರೋಲ್ ಎನ್ನುತ್ತಾರೆ, ಮೂತಿ ಏರಿ ಬಾಲ ಇಳಿಯುವುದನ್ನು ಪಿಚ್ ಎನ್ನುತ್ತಾರೆ. ತಕ್ಕಡಿಯ ದಂಡಿಗೆಯಲ್ಲಿ ತುದಿಗಳು ಹೆಚ್ಚು ಆಡುತ್ತವೆ, ಹಿಡಿ ಇರುವ ನಡು ಭಾಗ ಆಡುವುದು ಕಡಿಮೆ. ಹಡಗಿನಲ್ಲಿಯೂ ಅಷ್ಟೇ, ನಡುಭಾಗದಲ್ಲಿ ನೀರಿಗೆ ಹತ್ತಿರವಿರುವ ಡೆಕ್ಕುಗಳು ಎಲ್ಲಕ್ಕಿಂತ ಸ್ಥಿರ. ಇಂದಿನ ಹಡಗುಗಳ ಎರಡೂ ಪಕ್ಕದಲ್ಲಿ ನೀರಿನೊಳಗೆ ಚಾಚಿಕೊಳ್ಳುವ ಸ್ಟೆಬಿಲೈಸರ್ ರೆಕ್ಕೆಗಳಿರುತ್ತವೆ, ಅವು ರೋಲನ್ನು ಬಹುಮಟ್ಟಿಗೆ ತಡೆಯುತ್ತವೆ, ಪಿಚ್ಚಿಗೆ ಮಾತ್ರ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ. ಇದರಿಂದ ಹೊರಡುವ ಒಂದು ತಮಾಷೆಯ ಸಂಗತಿಯೆಂದರೆ, ಎಲ್ಲಕ್ಕಿಂತ ಹೆಚ್ಚು ಹಣ ಕೊಟ್ಟು ಎತ್ತರದ ಡೆಕ್ಕಿನ ತುದಿಯ ಸೂಟ್ ಹಿಡಿದವರು ಕೆಳಗಿನ ಇನ್‌ಸೈಡ್ ಕೋಣೆಯವರಿಗಿಂತ ಹೆಚ್ಚು ತೂಗಾಡುತ್ತಾರೆ. ನಾಲ್ಕನೆಯ ರಾತ್ರಿ ಗಾಳಿ ಎದ್ದಾಗ ನಮ್ಮ ಎಂಟನೇ ಡೆಕ್ಕಿನಲ್ಲಿ ತಲೆ ಸುತ್ತಲಿಲ್ಲ. ನಿದ್ದೆ ಕೆಡಿಸಿದ್ದು ಬೀರುವಿನೊಳಗಿನ ಹ್ಯಾಂಗರುಗಳು. ಪ್ರತಿ ಓಲಿಗೂ ಅವು ಒಂದಕ್ಕೊಂದು ತಾಗಿ ಟಿಣ್ ಟಿಣ್ ಎನ್ನುತ್ತಿದ್ದವು. ಕೊನೆಗೆ ಎರಡು ಗಂಟೆಯ ಹೊತ್ತಿಗೆ ಎದ್ದು ಅವನ್ನೆಲ್ಲ ಒಂದೇ ಕಡೆ ಸರಿಸಿ ಶಾಲಿನಿಂದ ಬಿಗಿದು ಕಟ್ಟಿದೆ.

ಈಗ ನನ್ನ ದೂರಿಗೆ ಬರುತ್ತೇನೆ. ಕೋಣೆಗೆ ಕಾಲಿಟ್ಟ ಅರ್ಧ ಗಂಟೆಯಲ್ಲಿ, ಸೋಫಾದ ಪಕ್ಕದ ಗೋಡೆಯಲ್ಲಿ ಇನ್ನೊಂದು ಬಾಗಿಲಿರುವುದನ್ನು ಪತಿ ಕಂಡರು. ಬೀಗ ಹಾಕಿತ್ತು, ಗೋಡೆಯದೇ ಬಣ್ಣ ಬಳಿದಿತ್ತು, ಹಿಡಿಕೆಯೂ ಚಿಕ್ಕದು. ಅದು ಪಕ್ಕದ ಕ್ಯಾಬಿನ್ನಿಗೆ ತೆರೆಯುವ ಬಾಗಿಲು. ಕುಟುಂಬಗಳು ಎರಡು ಕೋಣೆಗಳನ್ನು ಸೇರಿಸಿ ತೆಗೆದುಕೊಳ್ಳಲು ಅನುಕೂಲವಾಗಲಿ ಎಂದು ಇಂಥ ಜೋಡಿಗಳನ್ನು ಮಾಡಿರುತ್ತಾರೆ. ಉಕ್ಕಿನ ತಗಡಿಗೆ ಒಳತುಂಬಿದ ಗೋಡೆ ಸದ್ದನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೆ ಬಾಗಿಲಿನ ಕೆಳಗೆ ಒಂದು ಬೆರಳಿನಷ್ಟು ಸಂದಿ ಇತ್ತು. ರಾತ್ರಿ ನಮ್ಮ ದೀಪ ಆರಿಸಿದ ಮೇಲೆ ಆ ಸಂದಿಯಲ್ಲಿ ಹಳದಿ ಗೆರೆಯೊಂದು ಮೂಡುತ್ತಿತ್ತು, ಗೆರೆಯ ಜೊತೆಗೆ ಪಕ್ಕದವರ ಮಾತೂ ಬರುತ್ತಿತ್ತು. ಅವರೇನೂ ಗಲಾಟೆಯವರಲ್ಲ. ಮರುದಿನ ಯಾವ ಬಂದರಿನಲ್ಲಿ ಇಳಿಯಬೇಕು, ಮಾತ್ರೆ ಎಲ್ಲಿಟ್ಟಿದ್ದಾರೆ, ಅಲಾರಂ ಎಷ್ಟು ಗಂಟೆಗೆ ಎಂಬಂಥ ಮಾತುಗಳು. ಮೂರನೆಯ ರಾತ್ರಿಯ ಹೊತ್ತಿಗೆ ಅವರ ದಿನಚರಿ ನಮಗೆ ಬಾಯಿಪಾಠವಾಗಿತ್ತು. ನಮ್ಮ ಮಾತೂ ಅವರಿಗೆ ಹಾಗೆಯೇ ಕೇಳುತ್ತಿರಬೇಕೆಂದು ಹೊಳೆದಾಗ ನಾವು ಪಿಸುಗುಟ್ಟತೊಡಗಿದೆವು. ಇಬ್ಬರೇ ಇರಬೇಕೆಂದು ಹೊರಟ ಪ್ರವಾಸದಲ್ಲಿ ಪಿಸುಮಾತಿನ ಸಂಸಾರ ಮಾಡುವುದು ಅಷ್ಟೇನೂ ಹಿತವಲ್ಲ.

ಸ್ವಾಗತ ಕಟ್ಟೆಯಲ್ಲಿ ವಿಚಾರಿಸಿದಾಗ, ಹಡಗು ತುಂಬಿದೆ, ಬೇರೆ ಕೋಣೆ ಇಲ್ಲ ಎಂಬ ಉತ್ತರ ನಗುಮುಖದಿಂದಲೇ ಬಂತು. ಅವರದೂ ತಪ್ಪೆನ್ನಲಾರೆ. ನಕ್ಷೆಯಲ್ಲಿ ನಮ್ಮ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಎರಡು ಕಡೆ ಮೊನೆಯುಳ್ಳ ಪುಟ್ಟ ಬಾಣದ ಗುರುತಿತ್ತು, ಅದರ ಅರ್ಥ ಪುಟದ ಕೆಳಗೆ ಬರೆದೂ ಇತ್ತು. ಮೇಲಿನ ಡೆಕ್ಕು ಕೆಳಗಿನ ಡೆಕ್ಕು ಎಂದು ಅಷ್ಟು ಶ್ರಮಪಟ್ಟ ನಾವು ಪಕ್ಕಕ್ಕೆ ತಿರುಗಿ ನೋಡಿರಲಿಲ್ಲ. ಆದರೂ ಬಾಲ್ಕನಿಯ ಅಳತೆಯನ್ನೂ ತಲೆದಿಂಬಿನ ಬಗೆಯನ್ನೂ ದಪ್ಪ ಅಕ್ಷರದಲ್ಲಿ ಸಾರುವ ಪುಟದಲ್ಲಿ ಇಂಥ ಬಾಗಿಲಿನ ಸುದ್ದಿಗೆ ಒಂದು ಸಾಲಿನ ಜಾಗವಿಲ್ಲದಿರುವುದು ನನಗೆ ಸರಿಕಾಣಲಿಲ್ಲ. ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹುಡುಗ ತಾನಾಗಿಯೇ ಎರಡು ದಪ್ಪ ಟವೆಲುಗಳನ್ನು ಸುರುಳಿ ಸುತ್ತಿ ಸಂದಿಗೆ ಒತ್ತಿಟ್ಟ. ಗೆರೆ ಹೋಯಿತು, ಮಾತು ಅರ್ಧಕ್ಕಿಳಿಯಿತು. ಅವನ ಆ ನಾಜೂಕಿಗೆ ಪೂರ್ತಿ ಅಂಕ ಕೊಡುತ್ತೇನೆ.

ಉಳಿದಂತೆ ಕೋಣೆಯ ಮೇಲೆ ದೂರಿಲ್ಲ. ಎರಡು ಒಂಟಿ ಮಂಚಗಳನ್ನು ಜೋಡಿಸಿ ಮಾಡಿದ ಹಾಸಿಗೆಯಾದ್ದರಿಂದ ನಡುವೆ ಸಣ್ಣ ಕಂದಕವಿತ್ತು, ಕೇಳಿದೊಡನೆ ಮೇಲೊಂದು ದಪ್ಪ ಹೊದಿಕೆ ಹಾಸಿಕೊಟ್ಟರು. ಪೆಟ್ಟಿಗೆಗಳು ಮಂಚದ ಕೆಳಗೆ ಸಲೀಸಾಗಿ ಹೋಗುತ್ತವೆ, ಇದನ್ನು ತಿಳಿಯದೆ ಮೊದಲ ಸಂಜೆಯಿಡೀ ಅವುಗಳನ್ನು ದಾಟಿಕೊಂಡೇ ಓಡಾಡಿದೆವು. ಗೋಡೆ ಉಕ್ಕಿನದಾದ್ದರಿಂದ ಅಯಸ್ಕಾಂತದ ಕೊಕ್ಕೆಗಳು ಅಂಟುತ್ತವೆ. ಟೋಪಿ, ಚೀಲ, ಒದ್ದೆ ಬಟ್ಟೆಗಳಿಗೆ ನಾಲ್ಕು ಕೊಕ್ಕೆ ಒಯ್ದದ್ದು ನಮ್ಮ ತಯಾರಿಯಲ್ಲೇ ಜಾಣತನದ ಕೆಲಸ. ಸ್ನಾನದ ಮೂಲೆ ಎಷ್ಟು ಇಕ್ಕಟ್ಟೆಂದರೆ ಬಿದ್ದ ಸೋಪನ್ನು ಬಗ್ಗಿ ತೆಗೆಯುವಾಗ ಪರದೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಶೌಚದ ನಿರ್ವಾತ ಸೆಳೆತದ ಸದ್ದಿಗೆ ಮೊದಲ ಸಲ ಯಾರಾದರೂ ಬೆಚ್ಚಿಬೀಳುತ್ತಾರೆ.

ಬಾಲ್ಕನಿ ಹಣಕ್ಕೆ ತಕ್ಕದ್ದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹೊರಡುವ ಮೊದಲು ಪತಿ, "ನಿನಗೆ ಸಮುದ್ರ ಬೇಕೋ, ನಿದ್ದೆ ಬೇಕೋ?" ಎಂದು ಕೇಳಿದ್ದರು, ಎರಡೂ ಬೇಕೆಂದಿದ್ದೆ. ಏಳು ದಿನಗಳಲ್ಲಿ ಹಡಗು ಬೆಳಗಿನಿಂದ ರಾತ್ರಿಯವರೆಗೆ ಸಮುದ್ರದಲ್ಲೇ ಇದ್ದದ್ದು ಎರಡು ದಿನ, ಮಿಕ್ಕ ದಿನಗಳಲ್ಲಿ ನಾವು ಬಂದರಿನಲ್ಲಿಳಿದು ಸಂಜೆಗೆ ಮರಳುತ್ತಿದ್ದೆವು. ಆ ಎರಡು ದಿನಗಳಲ್ಲಿ ಒಂದು ದಿನ ಗಾಳಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ಕೂರಲಾಗಲಿಲ್ಲ, ಬಾಗಿಲು ತೆರೆದಿಟ್ಟರೆ ಒಳಗಿನ ಎ.ಸಿ. ತಾನಾಗಿಯೇ ನಿಂತುಹೋಗುತ್ತಿತ್ತು. ಕಂಬಿಯಿಂದ ನೇರ ಕೆಳಗೆ ಬಗ್ಗಿದರೆ ಕಾಣುವುದು ನೀರಲ್ಲ, ಲೈಫ್‌ಬೋಟಿನ ಕಿತ್ತಳೆ ಬಣ್ಣದ ಛಾವಣಿ. ಇನ್ನೊಂದು ಡೆಕ್ ಕೆಳಗಿನ ಕೋಣೆಗಳಿಗೆ ಅದೇ ದೋಣಿ ಕಣ್ಣೆದುರಿಗೇ ಅಡ್ಡ. ಅಂಥವನ್ನು ಅಡ್ಡಿಯುಳ್ಳ ನೋಟದ ಕ್ಯಾಬಿನ್ ಎಂದು ಕಡಿಮೆ ದರಕ್ಕೆ ಮಾರುತ್ತಾರೆ, ಬೆಳಕಷ್ಟೇ ಸಾಕೆನ್ನುವವರಿಗೆ ಅದು ಒಳ್ಳೆಯ ವ್ಯವಹಾರ.

ಹಾಗೆಂದು ಬಾಲ್ಕನಿ ದಂಡವೆನ್ನುವುದಿಲ್ಲ. ಐದನೆಯ ಬೆಳಗ್ಗೆ ಬಂದರು ಸಮೀಪಿಸುವಾಗ, ಹೆಚ್ಚಿನವರು ಇನ್ನೂ ಎದ್ದಿರಲಿಲ್ಲ, ನಾವು ಹೊದಿಕೆ ಸುತ್ತಿಕೊಂಡು ಹೊರಗೆ ಕುಳಿತಿದ್ದೆವು. ಬಂದರಿನೊಳಗೆ ದಾರಿ ತೋರಿಸುವ ಪೈಲಟ್‌ನನ್ನು ಕರೆತರುವ ದೋಣಿ ಹಡಗಿನ ಪಕ್ಕಕ್ಕೆ ಬಂದು ಅದೇ ವೇಗದಲ್ಲಿ ಓಡುತ್ತಿದ್ದಂತೆ, ಒಬ್ಬಾತ ಹಗ್ಗದ ಏಣಿಗೆ ಕೈಹಾಕಿ ಎರಡೇ ಹೆಜ್ಜೆಯಲ್ಲಿ ಹಡಗಿನ ಹೊಟ್ಟೆಯೊಳಗೆ ಮಾಯವಾದ. ಹತ್ತು ನಿಮಿಷದ ಈ ನೋಟಕ್ಕೆ ಬೇಕಾದ ಮೌನ ಮೇಲಿನ ಡೆಕ್ಕಿನ ಜಂಗುಳಿಯಲ್ಲಿ ಸಿಗುತ್ತಿರಲಿಲ್ಲ. ಅಲಾಸ್ಕದ ಒಳದಾರಿಗಳು, ನಾರ್ವೆಯ ಫ್ಯೋರ್ಡ್‌ಗಳು ಮುಂತಾದ, ದಂಡೆಯೇ ದಿನವಿಡೀ ಪಕ್ಕದಲ್ಲಿ ಸಾಗುವ ಯಾನಗಳಲ್ಲಿ ಬಾಲ್ಕನಿಗೆ ಕೊಟ್ಟ ಹಣ ದಿನಕ್ಕೆ ಹಲವು ಗಂಟೆ ದುಡಿಯುತ್ತದೆ. ಅಲ್ಲಿ ಪಕ್ಕವನ್ನೂ ನೋಡಿಕೊಳ್ಳಬೇಕು: ಅಲಾಸ್ಕದಲ್ಲಿ ಉತ್ತರಾಭಿಮುಖವಾಗಿ ಒಂದೇ ದಿಕ್ಕಿಗೆ ಹೋಗುವ ಯಾನದಲ್ಲಿ ದಂಡೆಯಿರುವುದು ಬಲಕ್ಕೆ, ಅಂದರೆ ಸ್ಟಾರ್‌ಬೋರ್ಡ್ ಕಡೆಗೆ. ಗ್ಲೇಸಿಯರ್ ಬೇಯಂಥ ಕಡೆ ನೀರ್ಗಲ್ಲಿನ ಎದುರು ಹಡಗನ್ನೇ ನಿಧಾನವಾಗಿ ತಿರುಗಿಸುವುದರಿಂದ ಎರಡೂ ಪಕ್ಕದವರಿಗೆ ನೋಟ ದಕ್ಕುತ್ತದೆ. ದಿನಕ್ಕೊಂದು ಬಂದರು ಮುಟ್ಟಿ, ರಾತ್ರಿಯ ಕತ್ತಲಲ್ಲಿ ಮುಂದಿನದಕ್ಕೆ ಹೋಗುವ ಯಾನದಲ್ಲಿ ಮಾತ್ರ ಬಾಲ್ಕನಿಯ ಎರಡು ಕುರ್ಚಿಗಳು ಬಹುಪಾಲು ಖಾಲಿಯೇ ಇರುತ್ತವೆ. ನಮ್ಮದು ಇವೆರಡರ ನಡುವಿನ ಯಾನ.

ಇನ್ನು ಗ್ಯಾರಂಟಿ ಕ್ಯಾಬಿನ್ ಎಂಬ ಅಗ್ಗದ ಆಯ್ಕೆಯಿದೆ: ಬಗೆಯನ್ನಷ್ಟೇ ನಾವು ಆರಿಸುತ್ತೇವೆ, ಕೋಣೆಯ ಸಂಖ್ಯೆಯನ್ನು ಕಂಪನಿ ಆಮೇಲೆ ತಿಳಿಸುತ್ತದೆ. ಎಲ್ಲಿ ಮಲಗಿದರೂ ನಿದ್ದೆ ಬರುವವರಿಗೆ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ. ನನ್ನಂಥ ಎಚ್ಚರ ನಿದ್ದೆಯವರಿಗೆ ಅದು ಕಣ್ಣುಕಟ್ಟಿ ಕೋಣೆಗೆ ಬಿಟ್ಟಂತೆ. ಉಚಿತವಾಗಿ ಮೇಲಿನ ದರ್ಜೆಗೆ ಏರಿಸುತ್ತೇವೆ ಎಂಬ ಸಂದೇಶಕ್ಕೂ ಇದೇ ಮಾತು ಸಲ್ಲುತ್ತದೆ. ನಡುಭಾಗದ ಶಾಂತ ಕೋಣೆಯಿಂದ ಮೂತಿಯ ತುದಿಯ "ಉತ್ತಮ" ಕೋಣೆಗೆ ಹೋಗುವುದು ಏರಿಕೆಯಲ್ಲ. ಅಂಥ ಬದಲಾವಣೆ ಬೇಡವೆಂದು ಬುಕಿಂಗ್ ಮಾಡುವಾಗಲೇ ತಿಳಿಸಬಹುದು, ನಾವು ಹಾಗೆಯೇ ಬರೆಸಿದ್ದೆವು.

ಅಂಕ ಕೊಡುವುದಾದರೆ ನಡುಭಾಗ ಮತ್ತು ಡೆಕ್ಕಿನ ಆಯ್ಕೆಗೆ ಐದಕ್ಕೆ ಐದು, ಬಾಲ್ಕನಿಗೆ ಈ ಯಾನದ ಮಟ್ಟಿಗೆ ಮೂರು, ಆ ಬಾಗಿಲಿಗೆ ಸೊನ್ನೆ. ಮುಂದಿನ ಯಾನ ದಿನಕ್ಕೊಂದು ಬಂದರಿನದು. ಅದಕ್ಕೆ ಎರಡು ಡೆಕ್ ಕೆಳಗೆ, ನಡುಭಾಗದಲ್ಲಿಯೇ, ದೊಡ್ಡ ಕಿಟಕಿಯ ಓಷನ್ ವ್ಯೂ ಕೋಣೆಯನ್ನು ಹಿಡಿದಿಟ್ಟಿದ್ದೇವೆ. ಅದರ ಅಕ್ಕಪಕ್ಕದಲ್ಲಿ ಎರಡು ಮೊನೆಯ ಬಾಣವಿಲ್ಲವೆಂಬುದನ್ನು ಪತಿ ನಕ್ಷೆಯನ್ನು ಹಿಗ್ಗಿಸಿ ಎರಡು ಸಲ ನೋಡಿದ್ದಾರೆ. ಅವರು ಮಲಗಿದ ಮೇಲೆ ನಾನೂ ಒಂದು ಸಲ ನೋಡಿದೆ.