ಗ್ರಾಫಿಕ್ಸ್ ಕಾರ್ಡಿನ ಅಡಿಗೆ ಸಿಕ್ಕಿದ ಸೆಲ್: ಬಿ550 ಮದರ್‌ಬೋರ್ಡಿನ ದೀರ್ಘ ಬಳಕೆಯ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ರಾತ್ರಿಯಿಡೀ ನಡೆಯುವ ಯಕ್ಷಗಾನ ಪ್ರದರ್ಶನಗಳ ವಿಡಿಯೊ ಸಂಕಲನಕ್ಕೆಂದು ಕಟ್ಟಿಸಿದ ಕಂಪ್ಯೂಟರಿನಲ್ಲಿರುವುದು ಎಎಂಡಿಯ ಬಿ550 ಚಿಪ್‌ಸೆಟ್ ಇರುವ ಮದರ್‌ಬೋರ್ಡ್ (ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಫಲಕ) ಮತ್ತು ರೈಜನ್ 5 5600ಎಕ್ಸ್ ಪ್ರೊಸೆಸರ್. ಅಗ್ಗದ ಎ520 ಬೋರ್ಡುಗಳಲ್ಲಿ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಲು, ಅವಕಾಶವಿಲ್ಲ. ಮೇಲಿನ ದರ್ಜೆಯ ಎಕ್ಸ್570 ಬೋರ್ಡಿನ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಶಿವಮೊಗ್ಗದ ಅಂಗಡಿಯಲ್ಲಿ ಇದನ್ನೇ ಆರಿಸಿದೆ.

ಓವರ್‌ಕ್ಲಾಕಿಂಗ್ ವಿಷಯದಲ್ಲಿ ಈ ಬೋರ್ಡನ್ನು ಮೆಚ್ಚಲೇಬೇಕು. ಆರೂ ಕೋರ್‌ಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುವ ಹಳೆಯ ಪದ್ಧತಿ ಈ ಪ್ರೊಸೆಸರಿಗೆ ಒಗ್ಗುವುದಿಲ್ಲ. ಪ್ರೊಸೆಸರ್ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುವ ಪಿಬಿಒ ಸೌಲಭ್ಯವನ್ನು ಚಾಲೂ ಮಾಡಿ, ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಜರಿನಲ್ಲಿ ಪ್ರತಿ ಕೋರಿಗೂ ಅದು ತಾಳುವಷ್ಟು ಮೈನಸ್ ಅಂಕೆ ಕೊಟ್ಟು ವೋಲ್ಟೇಜ್ ತಗ್ಗಿಸಿದರೆ, ಅಷ್ಟೇ ಬಿಸಿಗೆ ಹೆಚ್ಚಿನ ವೇಗ ದೊರೆಯುತ್ತದೆ. ಗಂಟೆಗಟ್ಟಲೆ ರೆಂಡರ್ ನಡೆದರೂ ಪ್ರೊಸೆಸರಿಗೆ ವಿದ್ಯುತ್ ಹೊಂದಿಸಿಕೊಡುವ ವಿಆರ್‌ಎಂ ಭಾಗದ ಮೇಲಿನ ಹೀಟ್‌ಸಿಂಕ್ ಕೈಯಿಟ್ಟು ನೋಡುವಷ್ಟು ಬೆಚ್ಚಗಿರುತ್ತದೆ, ಅಷ್ಟೇ.

ಬೇಸರ ಶುರುವಾದದ್ದು ಗುಡುಗಿನ ದಿನಗಳಲ್ಲಿ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿತೆಂದರೆ ಮಲೆನಾಡಿನ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಪ್ಲಗ್ ಕಿತ್ತಿಡುವುದು. ಸಿಡಿಲು ತಂತಿಯ ಮೂಲಕವೂ ಬರುವುದರಿಂದ ಇಂಟರ್ನೆಟ್ ಕೇಬಲ್ಲನ್ನೂ ಬಿಡಿಸಿಡುತ್ತೇವೆ. ಪ್ಲಗ್ ಇರುವಷ್ಟು ಹೊತ್ತು ಬೋರ್ಡಿನ ಗಡಿಯಾರ ಪವರ್ ಸಪ್ಲೈಯ ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದ ನಡೆಯುತ್ತದೆ, ಕಿತ್ತ ಕ್ಷಣದಿಂದ ಗಡಿಯಾರವನ್ನೂ ಸೆಟ್ಟಿಂಗುಗಳನ್ನೂ ಕಾಯುವ ಹೊರೆ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ಲಿನ ಮೇಲೆ ಬೀಳುತ್ತದೆ. ಜುಲೈ ಮಳೆಯಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗಲೂ ಅದೇ ಕಥೆ. ಸೆಲ್ ಬೇಗ ಸವೆದು, ಒಂದು ಬೆಳಿಗ್ಗೆ ಬೋರ್ಡ್ ಎಲ್ಲ ಸೆಟ್ಟಿಂಗುಗಳನ್ನೂ ಮರೆತಿತ್ತು: 3600ರ ವೇಗದಲ್ಲಿ ಓಡುತ್ತಿದ್ದ ರ‍್ಯಾಮ್ 2133ಕ್ಕೆ ಇಳಿದಿತ್ತು, ಕರ್ವ್ ಅಂಕೆಗಳು ಸೊನ್ನೆಯಾಗಿದ್ದವು, ತಾರೀಖು ವರ್ಷಗಳಷ್ಟು ಹಿಂದೆ ಹೋಗಿದ್ದರಿಂದ ಬ್ಯಾಂಕಿನ ಜಾಲತಾಣವೂ ತೆರೆಯಲಿಲ್ಲ.

ಸೆಲ್ ಸವೆಯುವುದು ಸಹಜ, ಅದಕ್ಕೆ ಬೋರ್ಡನ್ನು ದೂರುವುದಿಲ್ಲ. ದೂರು ಇರುವುದು ಅದನ್ನಿಟ್ಟ ಜಾಗದ ಮೇಲೆ. ಅದು ಗ್ರಾಫಿಕ್ಸ್ ಕಾರ್ಡಿನ ಸ್ಲಾಟಿನ ಪಕ್ಕದಲ್ಲೇ, ಕಾರ್ಡಿನ ನೇರ ಅಡಿಯಲ್ಲಿದೆ. ಕಾರ್ಡಿನ ಪವರ್ ಕೇಬಲ್ ಬಿಡಿಸಿ, ಹಿಂಬದಿಯ ಸ್ಕ್ರೂ ತೆಗೆದು, ಕೂಲರ್ ಮತ್ತು ಕಾರ್ಡಿನ ನಡುವಿನ ಬೆರಳು ಹೋಗದ ಸಂದಿಯಲ್ಲಿ ಬಿದಿರಿನ ಕಡ್ಡಿಯಿಂದ ಸ್ಲಾಟಿನ ಕೊಂಡಿಯನ್ನು ಒತ್ತಿ, ಕಾರ್ಡನ್ನು ನೇರವಾಗಿ ಎತ್ತಿದ ಮೇಲಷ್ಟೇ ಸೆಲ್ ಕಾಣುತ್ತದೆ. ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುವ ಸೆಲ್ಲಿಗಾಗಿ, ಇಡೀ ಕಂಪ್ಯೂಟರಿನಲ್ಲೇ ದುಬಾರಿಯಾದ ಭಾಗವನ್ನು ಕಳಚುವಾಗ ಪ್ರತಿಸಲವೂ ಕೈ ನಡುಗುತ್ತದೆ. ಬೋರ್ಡಿನ ಕೆಳ ಅಂಚಿನಲ್ಲಿ, ಮುಂಬದಿಯ ಪವರ್ ಬಟನ್ನಿನ ಪಿನ್ನುಗಳ ಬಳಿ, ಧಾರಾಳವಾಗಿ ಜಾಗವಿದೆ.

ನನ್ನ ಕೋಪ ತಣಿದದ್ದು ಬಯಾಸಿನ (ಬೋರ್ಡಿನ ಸೆಟ್ಟಿಂಗುಗಳನ್ನು ನೋಡಿಕೊಳ್ಳುವ ಮೂಲ ತಂತ್ರಾಂಶದ) ಪ್ರೊಫೈಲ್ ಸೌಲಭ್ಯದಿಂದ. ಅಲ್ಲಿ ಉಳಿಸಿದ ಸೆಟ್ಟಿಂಗುಗಳು ಫ್ಲ್ಯಾಶ್ ಚಿಪ್ಪಿನಲ್ಲಿರುವುದರಿಂದ ಸೆಲ್ ಸತ್ತರೂ ಅಳಿಯುವುದಿಲ್ಲ. ಹೊಸ ಸೆಲ್ ಹಾಕಿ, ಗಡಿಯಾರ ಸರಿಪಡಿಸಿ, ಪ್ರೊಫೈಲ್ ತೆರೆದರೆ ದಿನಗಟ್ಟಲೆ ಪರೀಕ್ಷಿಸಿ ಹೊಂದಿಸಿದ ಅಂಕೆಗಳೆಲ್ಲ ಮರಳಿ ಬರುತ್ತವೆ. ಸಿಡಿಲಿನ ಭಯವಿಲ್ಲದ ಊರಿನವರು ಈ ಬೋರ್ಡನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ನಮ್ಮ ಕಡೆಯವರು ಕೊಳ್ಳುವ ಮುನ್ನ ಚಿತ್ರದಲ್ಲಿ ಸೆಲ್ ಎಲ್ಲಿದೆಯೆಂದು ನೋಡಿಕೊಳ್ಳಲಿ. ಕೊಂಡ ಮೇಲೆ ಪ್ರೊಫೈಲನ್ನು ಪೆನ್‌ಡ್ರೈವಿಗೂ ಉಳಿಸಿಕೊಂಡು, ಅಂಕೆಗಳನ್ನು ಹಾಳೆಯ ಮೇಲೂ ಬರೆದಿಡಲಿ, ಏಕೆಂದರೆ ಬಯಾಸ್ ನವೀಕರಿಸಿದಾಗ ಹಳೆಯ ಪ್ರೊಫೈಲುಗಳು ಅಳಿಸಿಹೋಗಬಹುದು.