ಒಳ ಕ್ಯಾಬಿನ್‌ನಿಂದ ಸೂಟ್‌ವರೆಗೆ: ಕ್ರೂಸ್ ಹಡಗಿನ ಐದು ಬಗೆಯ ಕೋಣೆಗಳಲ್ಲಿ ತಂಗಿ ಮಾಡಿದ ಹೋಲಿಕೆ

ಕ್ರೂಸ್ ಹಡಗಿನ ಕ್ಯಾಬಿನ್ ಪಟ್ಟಿಯನ್ನು ಮೊದಲ ಸಲ ತೆರೆದವರಿಗೆ ಅದರ ತಲೆಬುಡ ತಿಳಿಯುವುದು ಕಷ್ಟ. ದೊಡ್ಡ ಹಡಗೊಂದರಲ್ಲಿ ಅಕ್ಷರ ಮತ್ತು ಅಂಕಿಗಳನ್ನು ಜೋಡಿಸಿದ ಇಪ್ಪತ್ತಕ್ಕೂ ಹೆಚ್ಚು ವರ್ಗಸಂಕೇತಗಳಿರುತ್ತವೆ, ಪ್ರತಿಯೊಂದಕ್ಕೂ ಬೇರೆ ದರವಿರುತ್ತದೆ. ಆದರೆ ಮೂಲದಲ್ಲಿರುವ ಬಗೆಗಳು ನಾಲ್ಕೇ. ಕಿಟಕಿಯಿಲ್ಲದ ಒಳ ಕ್ಯಾಬಿನ್, ಕಿಟಕಿಯಿರುವ ಓಷನ್‌ವ್ಯೂ, ಬಾಲ್ಕನಿ ಮತ್ತು ಸೂಟ್. ಉಳಿದ ಸಂಕೇತಗಳಲ್ಲಿ ಹೆಚ್ಚಿನವು ಒಂದೇ ಅಳತೆಯ, ಒಂದೇ ಬಗೆಯ ಪೀಠೋಪಕರಣಗಳಿರುವ ಕೋಣೆಯು ಯಾವ ಡೆಕ್‌ನಲ್ಲಿದೆ (ಅಂದರೆ ಹಡಗಿನ ಯಾವ ಅಂತಸ್ತಿನಲ್ಲಿದೆ), ಹಡಗಿನ ಮುಂಭಾಗದಲ್ಲಿದೆಯೋ ನಡುಭಾಗದಲ್ಲಿದೆಯೋ ಎಂಬುದನ್ನಷ್ಟೇ ಹೇಳುತ್ತವೆ. ಈ ನಾಲ್ಕು ಬಗೆಗಳಲ್ಲೂ, ಇವುಗಳ ನಡುವೆ ತೂರಿಕೊಂಡಿರುವ ಜೂನಿಯರ್ ಸೂಟ್‌ನಲ್ಲೂ ಬೇರೆ ಬೇರೆ ಪ್ರಯಾಣಗಳಲ್ಲಿ ತಂಗಿದ ಮೇಲೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಕಂಪನಿಗಳು ಜಾಗ, ಬೆಳಕು-ಗಾಳಿ ಮತ್ತು ಹಕ್ಕು (ಕೆಲವರಿಗೆಂದೇ ಮೀಸಲಾದ ಜಾಗ, ಸೇವೆಗಳಿಗೆ ಪ್ರವೇಶ) ಎಂಬ ಮೂರು ಬೇರೆ ಬೇರೆ ಸರಕುಗಳನ್ನು ಒಂದೇ ಹೆಸರಿನಡಿ ಕಟ್ಟಿ ಮಾರುತ್ತವೆ. ಈ ಮೂರರಲ್ಲಿ ತಮಗೆ ಬೇಕಾದದ್ದು ಯಾವುದೆಂದು ನಿರ್ಧರಿಸದೆ ಮೇಲಿನ ವರ್ಗಕ್ಕೆ ಹೋದವರು ಹೆಚ್ಚು ಹಣ ಕೊಟ್ಟು ಬೇಡದ್ದನ್ನೇ ಕೊಂಡಿರುತ್ತಾರೆ.

ನನ್ನ ಮೊದಲ ಪ್ರಯಾಣ ಒಳ ಕ್ಯಾಬಿನ್‌ನಲ್ಲಿ ನಡೆಯಿತು. ಸುಮಾರು 150 ಚದರ ಅಡಿಯ ಕೋಣೆ; ಹಾಸಿಗೆ, ಮೇಜು, ಬಟ್ಟೆಯ ಕಪಾಟು, ಒಬ್ಬರು ತಿರುಗಾಡುವಷ್ಟು ಸ್ನಾನಗೃಹ. ಸೂಟ್‌ಕೇಸ್‌ಗಳನ್ನು ಮಂಚದ ಅಡಿಗೆ ತಳ್ಳಿದ ಮೇಲೆ ಇಬ್ಬರಿಗೆ ಜಾಗ ಸಾಲದೆನ್ನಿಸಲಿಲ್ಲ. ದೀಪ ಆರಿಸಿದರೆ ಕವಿಯುವ ಕತ್ತಲೆಯು ಪೂರ್ಣ ಕತ್ತಲೆ. ಅಂಥ ಗಾಢವಾದ ನಿದ್ದೆ ಮುಂದೆ ದುಬಾರಿ ಕೋಣೆಗಳಲ್ಲಿ ನನಗೆ ಬರಲಿಲ್ಲ. ಇದರ ಬೆಲೆಯನ್ನು ಬೆಳಗ್ಗೆ ತೆರಬೇಕಾಗುತ್ತದೆ. ಎಚ್ಚರವಾದಾಗ ನಾಲ್ಕು ಗಂಟೆಯೋ ಹತ್ತು ಗಂಟೆಯೋ ತಿಳಿಯುವುದಿಲ್ಲ, ಹೊರಗೆ ಮಳೆಯಿದೆಯೋ ಬಿಸಿಲಿದೆಯೋ ಗೊತ್ತಾಗುವುದಿಲ್ಲ. ಹಡಗಿನ ಮುಂದಿನ ಕ್ಯಾಮೆರಾದ ದೃಶ್ಯವನ್ನು ತೋರಿಸುವ ಟಿವಿ ವಾಹಿನಿಯನ್ನು ರಾತ್ರಿಯಿಡೀ ಸದ್ದಿಲ್ಲದೆ ಹಚ್ಚಿಟ್ಟು, ಪರದೆ ಬೆಳ್ಳಗಾದಾಗ ಬೆಳಗಾಯಿತೆಂದು ತಿಳಿಯುವ ಉಪಾಯವನ್ನು ಮೂರನೆಯ ದಿನ ಕಂಡುಕೊಂಡೆವು.

ಈ ಕೊರತೆಯನ್ನು ಕಂಪನಿಗಳೂ ಬಲ್ಲವು. 2011ರಲ್ಲಿ ಯಾನ ಆರಂಭಿಸಿದ ಡಿಸ್ನಿ ಡ್ರೀಮ್ ಹಡಗಿನ ಒಳ ಕ್ಯಾಬಿನ್‌ಗಳಲ್ಲಿ ಹೊರಗಿನ ಕ್ಯಾಮೆರಾದ ನೇರ ದೃಶ್ಯವನ್ನು ತೋರಿಸುವ ದುಂಡನೆಯ ಪರದೆಯನ್ನು ಕಿಟಕಿಯಂತೆ ಅಳವಡಿಸಲಾಯಿತು. 2014ರಲ್ಲಿ ಬಂದ ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ ಅದೇ ಯೋಚನೆ ನೆಲದಿಂದ ಚಾವಣಿಯವರೆಗಿನ ವರ್ಚುವಲ್ ಬಾಲ್ಕನಿಯಾಗಿ ಬೆಳೆಯಿತು. ಒಂಟಿಯಾಗಿ ಹೋಗುವವರು ಗಮನಿಸಬೇಕಾದ ಇನ್ನೊಂದು ಬಗೆಯೆಂದರೆ, 2010ರಲ್ಲಿ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ ಆರಂಭವಾದ ಸ್ಟುಡಿಯೋ ಕ್ಯಾಬಿನ್. ಕ್ರೂಸ್ ದರಗಳು ಸಾಮಾನ್ಯವಾಗಿ ಇಬ್ಬರು ತಂಗುತ್ತಾರೆಂಬ ಲೆಕ್ಕದಲ್ಲಿ ತಲಾ ಇಷ್ಟೆಂದು ನಿಗದಿಯಾಗಿರುವುದರಿಂದ, ಒಬ್ಬರೇ ಹೋದರೂ ಅನೇಕ ವೇಳೆ ಇಬ್ಬರ ಹಣವನ್ನೇ ಕೊಡಬೇಕಾಗುತ್ತದೆ. ಸುಮಾರು 100 ಚದರ ಅಡಿಯ ಈ ಪುಟ್ಟ ಕೋಣೆಗಳನ್ನು ಒಬ್ಬರಿಗೆಂದೇ ಕಟ್ಟಿ, ಒಬ್ಬರ ದರದಲ್ಲೇ ಮಾರಲಾಯಿತು.

ಓಷನ್‌ವ್ಯೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆರೆಯಲಾಗದ ಒಂದು ಗಾಜಿನ ಕಿಟಕಿ, ಒಳ ಕ್ಯಾಬಿನ್‌ಗಿಂತ ತುಸು ಹೆಚ್ಚು ಜಾಗ, ಹಗಲಿನ ಬೆಳಕು. ಹಗಲು ರಾತ್ರಿಗಳ ಅರಿವಿಲ್ಲದೆ ಇರಲಾರದವರಿಗೆ ಇಷ್ಟು ಸಾಕು. ಆದರೆ ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ತಾಯಿಯವರನ್ನು ಕರೆದುಕೊಂಡು ಹೋಗುವಾಗ ದರದ ವ್ಯತ್ಯಾಸವನ್ನಷ್ಟೇ ನೋಡಿ, ಹಡಗಿನ ಮುಂತುದಿಗೆ ಸಮೀಪದ ಓಷನ್‌ವ್ಯೂ ಆರಿಸಿದೆ. ಹಡಗು ಅಲೆಗಳ ಮೇಲೆ ಏಳುಬೀಳುವಾಗ ನಡುಭಾಗವು ಏತದ ಆಧಾರಕಂಬದಂತೆ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ, ತುದಿಗಳು ಮಾತ್ರ ಮೇಲೇರಿ ಕೆಳಗಿಳಿಯುತ್ತವೆ. ಡೆಕ್ ಎತ್ತರವಾದಷ್ಟೂ ಅಕ್ಕಪಕ್ಕದ ತೂಗಾಟವೂ ಹೆಚ್ಚು. ಎರಡು ರಾತ್ರಿ ತಾಯಿಯವರು ತಲೆಯೆತ್ತಲಿಲ್ಲ. ಅದೇ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನ ಒಳ ಕ್ಯಾಬಿನ್‌ನಲ್ಲಿದ್ದ ಪರಿಚಯದ ದಂಪತಿಗೆ ಆ ಎರಡು ರಾತ್ರಿಗಳಲ್ಲಿ ಸಮುದ್ರ ಕೆರಳಿದ್ದೇ ಗೊತ್ತಾಗಿರಲಿಲ್ಲ. ಕಡಿಮೆ ದರದ ಕೋಣೆ ಅವರದು, ಹೆಚ್ಚು ನೆಮ್ಮದಿಯೂ ಅವರದೇ. ಅಂದಿನಿಂದ ನಾನು ವರ್ಗದ ಹೆಸರಿಗಿಂತ ಮೊದಲು ಡೆಕ್ ನಕ್ಷೆಯನ್ನು ತೆರೆಯುತ್ತೇನೆ.

ಬಾಲ್ಕನಿಯ ವಿಷಯಕ್ಕೆ ಬಂದರೆ, ಇಂದು ದೊಡ್ಡ ಹಡಗುಗಳಲ್ಲಿ ಅತಿ ಹೆಚ್ಚು ಕಾಣುವ ವರ್ಗವೇ ಇದು. ಎಲ್ಲ ಕ್ಯಾಬಿನ್‌ಗಳೂ ಹೊರಬದಿಗೇ ಇದ್ದ ರಾಯಲ್ ಪ್ರಿನ್ಸೆಸ್ ಹಡಗು 1984ರಲ್ಲಿ ಬಂದಾಗ ಅದೊಂದು ಹೊಸತನವಾಗಿತ್ತು. ಈಗ ಹಡಗುಗಳ ಪಾರ್ಶ್ವಗಳು ಜೇನುಗೂಡಿನಂತೆ ಬಾಲ್ಕನಿಗಳಿಂದ ತುಂಬಿರುತ್ತವೆ. ಎರಡು ಕುರ್ಚಿ, ಒಂದು ಚಿಕ್ಕ ಮೇಜು ಹಿಡಿಸುವ ಜಾಗ ಅದು, ಹೆಚ್ಚಿನವು 40ರಿಂದ 50 ಚದರ ಅಡಿ. ನಾನು ಬಾಲ್ಕನಿ ಕ್ಯಾಬಿನ್‌ನಲ್ಲಿ ಎರಡು ಸಲ ತಂಗಿದ್ದೇನೆ, ಎರಡರ ತೀರ್ಪೂ ಬೇರೆ.

ಮೊದಲನೆಯದು ನಾರ್ವೆಯ ಫಿಯೋರ್ಡ್‌ಗಳಿಗೆ, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲ ಕೊಲ್ಲಿಗಳಿಗೆ, ಹೋದ ಪ್ರಯಾಣ. ಸುಮಾರು 15 ಕಿಲೋಮೀಟರ್ ಉದ್ದದ ಗೈರಂಗರ್ ಫಿಯೋರ್ಡ್‌ನೊಳಗೆ ಹಡಗು ನಿಧಾನವಾಗಿ ಸಾಗುವಾಗ, ಬಂಡೆಗಳ ಗೋಡೆ ನಮ್ಮ ಬಾಲ್ಕನಿಯ ಎದುರಿಗೇ ಏರುತ್ತಾ ಹೋಗುವುದನ್ನು ಕಂಬಳಿ ಹೊದ್ದು ಕುಳಿತು ನೋಡಿದ ಆ ಗಂಟೆಗಳನ್ನು ನಾನು ಮರೆಯಲಾರೆ. ಅಲ್ಲಿ ಏಳು ಸೋದರಿಯರು ಎಂಬ ಜಲಪಾತವು ಒಂದು ದಂಡೆಯಲ್ಲಿದೆ, ಅದಕ್ಕೆ ಎದುರಾಗಿ ಇನ್ನೊಂದು ದಂಡೆಯಲ್ಲಿ ಅವರನ್ನು ವರಿಸಲು ಬಂದವನೆಂದು ಹೆಸರಾದ ಜಲಪಾತವಿದೆ. ಹೋಗುವಾಗ ನಮ್ಮ ಬದಿಗೆ ಒಂದು ಮಾತ್ರ ಕಂಡಿತು. ಫಿಯೋರ್ಡ್‌ನ ತುದಿಯಲ್ಲಿ ಹಡಗು ತಿರುಗಿ ಅದೇ ದಾರಿಯಲ್ಲಿ ಮರಳಿದಾಗ ಇನ್ನೊಂದು ಕಂಡಿತು. ಹೀಗೆ ಹೋದ ದಾರಿಯಲ್ಲೇ ಮರಳುವ ಕಡೆ ಎಡಬದಿ, ಬಲಬದಿ ಎಂಬ ಚಿಂತೆ ಬೇಕಾಗಿಲ್ಲ. ಒಂದು ಊರಿನಿಂದ ಹೊರಟು ಕರಾವಳಿಯುದ್ದಕ್ಕೂ ಸಾಗಿ ಮತ್ತೊಂದು ಊರಿನಲ್ಲಿ ಮುಗಿಯುವ ಪ್ರಯಾಣದಲ್ಲಾದರೆ ದಡ ಯಾವ ಬದಿಗೆ ಬರುತ್ತದೆಂದು ಮೊದಲೇ ನೋಡಿಕೊಳ್ಳುವುದು ಅಗತ್ಯ.

ಎರಡನೆಯ ಸಲ ಐದು ದಿನಗಳ ತೆರೆದ ಸಾಗರ. ಗಾಳಿ ಎಷ್ಟಿತ್ತೆಂದರೆ ಬಾಲ್ಕನಿಯ ಬಾಗಿಲನ್ನು ತೆರೆಯಲು ಎರಡೂ ಕೈ ಬೇಕಾಗುತ್ತಿತ್ತು, ತೆರೆದಾಗ ಯಾರಾದರೂ ಹಜಾರದ ಬಾಗಿಲನ್ನೂ ತೆಗೆದರೆ ಅದು ಕೈಬೆರಳು ಮುರಿಯುವಷ್ಟು ರಭಸದಿಂದ ಬಡಿದುಕೊಳ್ಳುತ್ತಿತ್ತು. ಆ ಐದು ದಿನಗಳಲ್ಲಿ ನಾವು ಹೊರಗೆ ಕುಳಿತದ್ದು ಒಟ್ಟು ಎರಡು ಗಂಟೆಯೂ ಇರಲಾರದು. ಇದಲ್ಲದೆ ಆ ಕ್ಯಾಬಿನ್ ಈಜುಕೊಳದ ಡೆಕ್‌ಗೆ ನೇರ ಕೆಳಗಿತ್ತು. ಸೂರ್ಯೋದಯಕ್ಕೂ ಮುಂಚೆ ಸಿಬ್ಬಂದಿ ಒರಗು ಕುರ್ಚಿಗಳನ್ನು ಎಳೆದು ಸಾಲಾಗಿ ಜೋಡಿಸುವ ಸದ್ದು ಪ್ರತಿದಿನವೂ ನಮ್ಮ ನೆತ್ತಿಯ ಮೇಲೆಯೇ ಆಗುತ್ತಿತ್ತು. ಮೇಲೆ ಮತ್ತು ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ಡೆಕ್ಕನ್ನು ಆರಿಸುವುದು ನಿದ್ದೆಯ ದೃಷ್ಟಿಯಿಂದ ಬಾಲ್ಕನಿಗಿಂತ ದೊಡ್ಡ ಸೌಕರ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಅಡುಗೆಮನೆ, ರಂಗಮಂದಿರ, ನೃತ್ಯಶಾಲೆಗಳ ನೆರೆಯೂ ಬೇಡ. ಪಕ್ಕದ ಕೋಣೆಗೆ ತೆರೆಯುವ ನಡುಬಾಗಿಲಿರುವ ಕ್ಯಾಬಿನ್ ಕೂಡ ಒಂದೇ ಕುಟುಂಬದವರಲ್ಲದಿದ್ದರೆ ಬೇಡ, ಅದರ ಮೂಲಕ ಮಾತುಗಳು ಸಲೀಸಾಗಿ ದಾಟಿ ಬರುತ್ತವೆ.

ಬಾಲ್ಕನಿ ಎಂಬ ಪದದ ಕೆಳಗೂ ಹಲವು ವಸ್ತುಗಳಿವೆ. 2009ರ ಓಯಸಿಸ್ ಆಫ್ ದಿ ಸೀಸ್ ಹಡಗಿನಲ್ಲಿ ಕೆಲವು ಬಾಲ್ಕನಿಗಳು ಕಡಲಿಗೆ ಬೆನ್ನು ಹಾಕಿ, ಹಡಗಿನ ನಡುವೆ ಬೆಳೆಸಿದ ಉದ್ಯಾನದ ಕಡೆಗೆ ತೆರೆಯುತ್ತವೆ. ಕ್ವೀನ್ ಮೇರಿ 2 ಹಡಗಿನಲ್ಲಿ ಉಕ್ಕಿನ ಒಡಲಿನಲ್ಲೇ ಕೊರೆದಂತಿರುವ ಬಾಲ್ಕನಿಗಳಿವೆ. ಗಾಳಿಯಿಂದ ಅವು ಚೆನ್ನಾಗಿ ಕಾಪಾಡುತ್ತವೆ, ಆದರೆ ಕುಳಿತರೆ ಎದುರಿಗಿನ ಉಕ್ಕಿನ ತಡೆಯು ನೀರನ್ನು ಮರೆಮಾಡುತ್ತದೆ. 2018ರಲ್ಲಿ ಬಂದ ಸೆಲೆಬ್ರಿಟಿ ಎಡ್ಜ್ ಹಡಗಿನ ಇನ್ಫಿನಿಟ್ ವೆರಾಂಡಾದಲ್ಲಿ ಹೊರಗೊಂದು ಪ್ರತ್ಯೇಕ ಕಟ್ಟೆಯೇ ಇಲ್ಲ, ಗುಂಡಿ ಒತ್ತಿದರೆ ಗೋಡೆಯಗಲದ ಗಾಜಿನ ಮೇಲರ್ಧ ಕೆಳಗಿಳಿಯುತ್ತದೆ. ಬಾಲ್ಕನಿಯ ಜಾಗ ಕೋಣೆಗೇ ಸೇರುವುದರಿಂದ ಒಳಗೆ ವಿಶಾಲವಾಗುತ್ತದೆ, ಆದರೆ ಹವಾಮಾನ ಕೆಟ್ಟಾಗ ಅದನ್ನು ತೆರೆಯದಂತೆ ಸಿಬ್ಬಂದಿ ನಿರ್ಬಂಧಿಸಬಲ್ಲರು. ಬಾಗಿಲು ದಾಟಿ ಹೊರಗೆ ಹೆಜ್ಜೆಯಿಡುವ ಅನುಭವವನ್ನೇ ಬಯಸುವವರಿಗೆ ಇದು ಬಾಲ್ಕನಿ ಎನ್ನಿಸಲಾರದು.

ಈಗ ಜೂನಿಯರ್ ಸೂಟ್. ನಾನು ಕೊಟ್ಟ ಹಣಕ್ಕೆ ಹೋಲಿಸಿದರೆ ಅತ್ಯಂತ ಕಡಿಮೆ ದೊರೆತದ್ದು ಇಲ್ಲಿಯೇ. ಸೂಟ್ ಎಂದರೆ ಮಲಗುವ ಕೋಣೆ ಬೇರೆ, ಕುಳಿತುಕೊಳ್ಳುವ ಕೋಣೆ ಬೇರೆ ಎಂದು ತಿಳಿದಿದ್ದೆ. ದೊರೆತದ್ದು ಒಂದೇ ಉದ್ದನೆಯ ಕೋಣೆ, ನಡುವೆ ಒಂದು ಪರದೆ, ಒಂದು ಸೋಫಾ, ಸ್ನಾನಗೃಹದಲ್ಲಿ ಒಂದು ತೊಟ್ಟಿ. ಸೂಟ್ ಅತಿಥಿಗಳ ಊಟದ ಕೋಣೆಗೆ ಹೋದಾಗ ನಮ್ಮ ಕಾರ್ಡ್‌ಗೆ ಅಲ್ಲಿ ಪ್ರವೇಶವಿಲ್ಲವೆಂದು ವಿನಯದಿಂದಲೇ ತಿಳಿಸಿ ಕಳುಹಿಸಿದರು. ಕಂಪನಿಯ ನಿಯಮಗಳಲ್ಲಿ ಅದು ಬರೆದೇ ಇತ್ತು, ನಾನು ಹೆಸರನ್ನಷ್ಟೇ ಓದಿದ್ದೆ. ಮೂರನೆಯವರಾಗಿ ಮಗು ಜೊತೆಗಿದ್ದರೆ, ಚಾವಣಿಯಿಂದ ಇಳಿಸುವ ಮಂಚಕ್ಕಿಂತ ಸೋಫಾ ಹಾಸಿಗೆ ಅನುಕೂಲವೆನ್ನುವವರಿಗೆ ಈ ವರ್ಗ ಒಪ್ಪಬಹುದು. ಇಬ್ಬರಿಗೆ ನಾನು ಇದನ್ನು ಸೂಚಿಸುವುದಿಲ್ಲ.

ಹಕ್ಕಿನ ಗೆರೆ ಎಲ್ಲಿ ಬೀಳುತ್ತದೆಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ರಾಯಲ್ ಕೆರಿಬಿಯನ್ ತನ್ನ ಓಯಸಿಸ್ ಮತ್ತು ಕ್ವಾಂಟಮ್ ಶ್ರೇಣಿಯ ಹಡಗುಗಳಲ್ಲಿ ಸೂಟ್‌ಗಳನ್ನು ಸೀ, ಸ್ಕೈ, ಸ್ಟಾರ್ ಎಂಬ ಮೂರು ಮೆಟ್ಟಿಲುಗಳಾಗಿ ವಿಂಗಡಿಸಿತು. ಜೂನಿಯರ್ ಸೂಟ್ ನಿಲ್ಲುವುದು ಕೆಳಗಿನ ಸೀ ಮೆಟ್ಟಿಲಿನಲ್ಲಿ. ಊಟ, ಪ್ರದರ್ಶನ, ವಿಹಾರಗಳನ್ನೆಲ್ಲ ನೋಡಿಕೊಳ್ಳುವ ರಾಯಲ್ ಜೀನಿ ಎಂಬ ಸಹಾಯಕರು ದೊರೆಯುವುದು ಮೇಲಿನ ಸ್ಟಾರ್ ಮೆಟ್ಟಿಲಿನವರಿಗೆ ಮಾತ್ರ. ಕ್ಯೂನಾರ್ಡ್ ಹಡಗುಗಳಲ್ಲಿ ನೀವು ತಂಗುವ ಕೋಣೆಯೇ ನಿಮ್ಮ ಊಟದ ಕೋಣೆಯನ್ನು ನಿರ್ಧರಿಸುತ್ತದೆ: ಕ್ವೀನ್ಸ್ ಗ್ರಿಲ್ ಮತ್ತು ಪ್ರಿನ್ಸೆಸ್ ಗ್ರಿಲ್ ಸೂಟ್‌ಗಳಿಗೆ ಅವೇ ಹೆಸರಿನ ಭೋಜನಶಾಲೆಗಳಿವೆ, ಉಳಿದ ಬಹುಪಾಲು ಪ್ರಯಾಣಿಕರು ಬ್ರಿಟಾನಿಯಾದಲ್ಲಿ ಊಟ ಮಾಡುತ್ತಾರೆ. ಇದಕ್ಕೆ ವಿರುದ್ಧವಾಗಿ ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ ಕಂಪನಿಗಳಲ್ಲಿ ಪ್ರತಿ ಕೋಣೆಯನ್ನೂ ಸೂಟ್ ಎಂದೇ ಕರೆಯುತ್ತಾರೆ. ಆದ್ದರಿಂದ ಅಲ್ಲಿಯ ಆರಂಭದ ಸೂಟನ್ನು ಬೇರೆ ಕಂಪನಿಯ ಸೂಟ್‌ಗೆ ಹೆಸರಿನ ಆಧಾರದ ಮೇಲೆ ಹೋಲಿಸಲಾಗದು. ಚದರ ಅಡಿಯನ್ನೂ, ದರದಲ್ಲಿ ಏನೇನು ಸೇರಿದೆಯೆಂಬುದನ್ನೂ ಎದುರುಬದುರಾಗಿಟ್ಟು ನೋಡಬೇಕು.

ನಿಜವಾದ ಸೂಟ್‌ನಲ್ಲಿ ನಾನು ಒಮ್ಮೆ ಮಾತ್ರ ತಂಗಿದ್ದೇನೆ, ಅದು ಹಡಗಿನೊಳಗೊಂದು ಹಡಗು ಎನ್ನುವ ಮಾದರಿಯದು. 2008ರಲ್ಲಿ ಎಂಎಸ್‌ಸಿ ಫ್ಯಾಂಟಾಸಿಯಾದೊಂದಿಗೆ ಬಂದ ಯಾಟ್ ಕ್ಲಬ್, ನಾರ್ವೇಜಿಯನ್ ಕಂಪನಿಯ ಹೇವನ್, ಸೆಲೆಬ್ರಿಟಿಯ ರಿಟ್ರೀಟ್ ಇವೆಲ್ಲ ಈ ಗುಂಪಿನವು: ಪ್ರತ್ಯೇಕ ಭೋಜನಶಾಲೆ, ಪ್ರತ್ಯೇಕ ವಿಶ್ರಾಂತಿ ಕೊಠಡಿ, ಪ್ರತ್ಯೇಕ ಬಿಸಿಲುಕಟ್ಟೆ, ಬಟ್ಲರ್ (ಖಾಸಗಿ ಪರಿಚಾರಕ) ಸೇವೆ. ನನಗೆ ಬಟ್ಲರ್ ಸೇವೆಯಿಂದ ಹೆಚ್ಚಿನ ಉಪಯೋಗವಾಗಲಿಲ್ಲ. ಮನಸ್ಸಿಗೆ ಹಿತವಾದದ್ದು ಸಾಲಿನಲ್ಲಿ ನಿಲ್ಲದಿರುವುದು. ಹಡಗು ಕಟ್ಟೆಗೆ ತಾಗಲಾಗದೆ ದೂರದಲ್ಲಿ ಲಂಗರು ಹಾಕಿ, ಪ್ರಯಾಣಿಕರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಸಾಗಿಸುವ ಊರುಗಳಲ್ಲಿ ಮೊದಲ ದೋಣಿಯಲ್ಲಿ ಇಳಿಯುವುದಕ್ಕೂ ಎರಡು ಗಂಟೆ ಕಾದು ಇಳಿಯುವುದಕ್ಕೂ ಇರುವ ಅಂತರ ದೊಡ್ಡದು. ಆದರೆ ಪ್ರತಿದಿನವೂ ಬಂದರು ಇದ್ದ ಆ ಪ್ರಯಾಣದಲ್ಲಿ ಬೆಳಗ್ಗೆ ಹೊರಟು ಸಂಜೆ ಮರಳುತ್ತಿದ್ದ ನಾವು ಪ್ರತ್ಯೇಕ ಬಿಸಿಲುಕಟ್ಟೆಯ ಮೇಲೆ ಕಾಲಿಟ್ಟದ್ದು ಒಂದೇ ದಿನ. ಸಮುದ್ರದಲ್ಲೇ ಕಳೆಯುವ ದಿನಗಳು ಹೆಚ್ಚಿರುವ ಪ್ರಯಾಣಕ್ಕೆ ಈ ಹಣವನ್ನು ಉಳಿಸಿಟ್ಟುಕೊಂಡಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನ್ನಿಸುತ್ತದೆ. ಇನ್ನೊಂದು ಮಾತು: ನಮ್ಮ ಸೂಟ್ ಹಡಗಿನ ಮುಂಭಾಗದ ಮೇಲಿನ ಡೆಕ್‌ನಲ್ಲಿತ್ತು. ನೋಟ ಅದ್ಭುತವಾಗಿತ್ತು, ಏಳುಬೀಳು ಕೂಡ ಇಡೀ ಹಡಗಿನಲ್ಲಿ ಅಲ್ಲಿಯೇ ಹೆಚ್ಚು. ಮೇಲಾಗಿ, ಹಡಗು ನಡೆಸುವವರ ಕಣ್ಣಿಗೆ ಬೆಳಕು ಅಡ್ಡಿಯಾಗದಂತೆ ಮುಂಬದಿಯ ಪರದೆಗಳನ್ನು ರಾತ್ರಿ ಮುಚ್ಚಿಡಬೇಕೆಂಬ ಸೂಚನೆಯಿತ್ತು.

ಕೊನೆಯದಾಗಿ ಗ್ಯಾರಂಟಿ ದರದ ಬಗ್ಗೆ. ಇದರಲ್ಲಿ ನಾವು ವರ್ಗವನ್ನಷ್ಟೇ ಕೊಳ್ಳುತ್ತೇವೆ, ಕೋಣೆಯ ಸಂಖ್ಯೆಯನ್ನು ಕಂಪನಿಯೇ ಹೊರಡುವ ದಿನ ಹತ್ತಿರವಾದಾಗ ನೀಡುತ್ತದೆ. ಕೊಂಡ ವರ್ಗ ಅಥವಾ ಅದಕ್ಕಿಂತ ಮೇಲಿನದು ಸಿಗುವುದು ಖಚಿತ, ಸ್ಥಾನದ ಆಯ್ಕೆ ಮಾತ್ರ ನಮ್ಮದಲ್ಲ. ನಾನು ಎರಡು ಸಲ ಇದನ್ನು ಪ್ರಯತ್ನಿಸಿದ್ದೇನೆ. ಒಮ್ಮೆ ಒಳ ಕ್ಯಾಬಿನ್‌ಗೆ ಹಣ ಕೊಟ್ಟು ಓಷನ್‌ವ್ಯೂ ಪಡೆದೆ, ಅದರ ಕಿಟಕಿಯ ತುಂಬ ಕಿತ್ತಳೆ ಬಣ್ಣದ ಲೈಫ್‌ಬೋಟ್ ತೂಗುತ್ತಿದ್ದರೂ ಹಗಲಿನ ಬೆಳಕಿಗೆ ಕೊರತೆಯಿರಲಿಲ್ಲ. ಇನ್ನೊಮ್ಮೆ ಹಡಗಿನ ಮುಂತುದಿಯ ಕೆಳಗಿನ ಡೆಕ್ ದೊರೆಯಿತು, ಲಂಗರು ಹಾಕಿದ ಪ್ರತಿ ಬೆಳಗೂ ಸರಪಳಿ ಉರುಳುವ ಸದ್ದಿಗೆ ಹಾಸಿಗೆಯೇ ನಡುಗಿತು. ಈಗ ಒಬ್ಬನೇ ಹೋಗುವಾಗ ಗ್ಯಾರಂಟಿ ದರದ ಒಳ ಕ್ಯಾಬಿನ್ ತೆಗೆದುಕೊಳ್ಳುತ್ತೇನೆ. ತಾಯಿಯವರು ಜೊತೆಗಿದ್ದರೆ ನಡುಭಾಗದ ಕೆಳಡೆಕ್‌ನಲ್ಲಿ, ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಕಡೆ, ನಕ್ಷೆ ನೋಡಿ ಸಂಖ್ಯೆ ಸಹಿತ ಕಾಯ್ದಿರಿಸುತ್ತೇನೆ.