ಗೋಕರ್ಣಕ್ಕೆ ಕಾರು, ಸ್ಲೀಪರ್ ಬಸ್ಸು, ರಾತ್ರಿ ರೈಲು: ಮೂರೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾತ್ರಿ ರೈಲಿಗೆ. ಬೆಂಗಳೂರಿನಿಂದ ಗೋಕರ್ಣಕ್ಕೆ ಮೂರು ಸಲ ಹೋಗಿ ಬಂದೆ. ಮೊದಲ ಸಲ ನಮ್ಮ ಕಾರಿನಲ್ಲಿ, ಆಮೇಲೆ ಗೆಳತಿಯ ಜೊತೆ ಸ್ಲೀಪರ್ ಬಸ್ಸಿನಲ್ಲಿ, ಈ ಏಪ್ರಿಲ್‌ನಲ್ಲಿ ಅಮ್ಮನನ್ನು ಕರೆದುಕೊಂಡು ರೈಲಿನಲ್ಲಿ. ನಾವು ಹೋಗಿ ಬಂದದ್ದರಿಂದ ಆ ಊರಿಗೆ ಏನಾಯಿತು ಅನ್ನೋ ಯೋಚನೆ ಮೊದಲ ಸಲ ಹೊರಡುವಾಗ ತಲೆಯಲ್ಲಿ ಇರಲಿಲ್ಲ. ಅದು ಹುಟ್ಟಿದ್ದೇ ಆ ಕಾರಿನ ಪ್ರವಾಸದಿಂದ.

ಕಾರಿನ ಡಿಕ್ಕಿ ದೊಡ್ಡದು. ಜಾಗ ಇದೆಯಲ್ಲ ಅಂತ ಲೀಟರ್ ಬಾಟಲಿಯ ನೀರು ಎರಡು ಕೇಸು, ಚಿಪ್ಸ್, ಬಳಸಿ ಬಿಸಾಡುವ ತಟ್ಟೆ, ಲೋಟ ಎಲ್ಲ ತುಂಬಿದೆವು. ಎರಡನೇ ದಿನ ರಾತ್ರಿ ಖಾಲಿ ಬಾಟಲಿ ಎಣಿಸಿದರೆ ಹತ್ತೊಂಬತ್ತು. ಎಲ್ಲಿ ಹಾಕಲಿ ಅಂತ ಕೇಳಿದೆ. ‘ಅಲ್ಲೇ ಬಿಡಿ ಅಕ್ಕಾ, ನಾವು ನೋಡ್ಕೊಳ್ತೇವೆ’ ಅಂದರು, ಉಳಿದುಕೊಂಡ ಕಡೆ. ಬೆಳಿಗ್ಗೆ ಎದ್ದಾಗ ತೆಂಗಿನ ಮರಗಳ ಹಿಂದೆ ಹೊಗೆ. ಹೋಗಿ ನೋಡಿದರೆ ಒಂದು ಗುಂಡಿಯಲ್ಲಿ ನಮ್ಮ ಬಾಟಲಿಗಳು ಮುದುಡಿಕೊಂಡು ಕರಗುತ್ತಿದ್ದವು. ನೀಲಿ ಮುಚ್ಚಳಗಳಿಂದ ಕಪ್ಪು ನೀರಿನಂತೆ ಏನೋ ತೊಟ್ಟಿಕ್ಕುತ್ತಿತ್ತು. ಮಗ ಮೂಗು ಮುಚ್ಚಿಕೊಂಡು ಕೇಳಿದ, ‘ಅಮ್ಮಾ, ಅದು ನಮ್ಮದಾ?’

ಅವರನ್ನು ಬಯ್ಯಲು ಮನಸ್ಸು ಬರಲಿಲ್ಲ. ಸಣ್ಣ ಊರು. ಹಬ್ಬ, ರಜೆ ಬಂದರೆ ಊರಿನವರಿಗಿಂತ ಹೊರಗಿನವರೇ ಜಾಸ್ತಿ. ಅಷ್ಟು ಜನ ತಂದು ಸುರಿಯುವ ಕಸವನ್ನು ಅವರು ತಾನೇ ಎಲ್ಲಿಗೆ ಒಯ್ಯಬೇಕು? ತಂದವಳು ನಾನು.

ಮನೆಗೆ ಬಂದು ಲೆಕ್ಕ ಹಾಕಿದೆ. ಹಾವೇರಿ, ಶಿರಸಿ, ದೇವಿಮನೆ ಘಾಟಿ ಇಳಿದು ಹೋಗಿ ಬರಲು, ಅಲ್ಲಿಲ್ಲಿ ತಿರುಗಿದ್ದೂ ಸೇರಿ 1,080 ಕಿ.ಮೀ. ನಮ್ಮ ಕಾರು ಲೀಟರಿಗೆ 15 ಕೊಡುತ್ತದೆ, ಅಂದರೆ 72 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಮೂರು ಜನ ಎರಡು ದಿನ ಸಮುದ್ರ ನೋಡಿ ಬರಲು 165 ಕಿಲೋ! ಪೆಟ್ರೋಲಿಗೆ ಏಳು ಸಾವಿರ ದಾಟಿತು, ಟೋಲ್ ಬೇರೆ.

ಅಷ್ಟು ಮಾಡಿ ಒಯ್ದ ಕಾರು ಅಲ್ಲಿ ಏನು ಮಾಡಿತು? ಪಾರ್ಕಿಂಗ್‌ನಲ್ಲಿ ಬಿಸಿಲು ಕಾಯುತ್ತಾ ನಿಂತಿತು. ರಥಬೀದಿಯಲ್ಲಿ ಕಾರು ನುಗ್ಗಿಸಿದರೆ ನಡೆಯುವವರಿಗೆ ಜಾಗ ಇರುವುದಿಲ್ಲ. ಮಹಾಬಲೇಶ್ವರ ದೇವಸ್ಥಾನ, ಕೋಟಿತೀರ್ಥ, ಊರ ಕಡಲತೀರ ಎಲ್ಲ ಕಾಲಳತೆಯಲ್ಲೇ ಇವೆ. ಕುಡ್ಲೆ ಬೀಚಿಗೆ ಗುಡ್ಡ ಹತ್ತಿ ಇಳಿದರಾಯಿತು. ಓಂ ಬೀಚಿನ ತನಕ ರಸ್ತೆ ಇದೆ ನಿಜ, ಅದರಾಚೆ ಹಾಫ್ ಮೂನ್, ಪ್ಯಾರಡೈಸ್ ನೋಡಬೇಕಾದರೆ ಮತ್ತೆ ಕಾಲೇ ಗತಿ, ಇಲ್ಲವೇ ದೋಣಿ.

ಸ್ಲೀಪರ್ ಬಸ್ಸಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಊರೊಳಗೇ ಇಳಿಸುತ್ತದೆ, ಅದೊಂದು ದೊಡ್ಡ ಅನುಕೂಲ. ತುಂಬಿದ ಬಸ್ಸಿನಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಡೀಸೆಲ್ ಹೊಗೆಯೂ ಕಾರಿಗಿಂತ ಎಷ್ಟೋ ಕಡಿಮೆ. ಆದರೆ ವಾರಾಂತ್ಯಕ್ಕೆ ನಾನು ಕೊಟ್ಟದ್ದು ಒಂದು ಕಡೆಗೇ 1,400 ರೂಪಾಯಿ. ರಾತ್ರಿ ಊಟಕ್ಕೆ ನಿಲ್ಲಿಸಿದ ಮೇಲೆ ಬೆಳಗಿನ ತನಕ ಶೌಚಾಲಯದ ಮಾತಿಲ್ಲ. ಮಂಡಿನೋವಿನ ಅಮ್ಮನನ್ನು ಅದರಲ್ಲಿ ಕರೆದೊಯ್ಯಲು ನನಗೆ ಧೈರ್ಯ ಬರಲಿಲ್ಲ.

ರೈಲಿನ ಕತೆಯೇ ಬೇರೆ. ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. ಕಾರವಾರದ ಗಾಡಿ ಅದು. ಡಬ್ಬಿಯಲ್ಲಿ ಚಪಾತಿ, ಪಲ್ಯ, ಮೊಸರನ್ನ. ತಿಂದು, ಡಬ್ಬಿ ತೊಳೆದು, ಅಮ್ಮ ಕೆಳಗಿನ ಬರ್ತಿನಲ್ಲಿ ಮಲಗಿದರು. ಸಕಲೇಶಪುರ ದಾಟಿದ ಮೇಲೆ ಗಾಡಿ ನಿಧಾನವಾಗಿ ಘಾಟಿ ಇಳಿಯುತ್ತದೆ. ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ. ಕತ್ತಲಲ್ಲಿ ಏನೂ ಕಾಣುವುದಿಲ್ಲ, ಸುರಂಗ ಹೊಕ್ಕಾಗ ಸದ್ದು ಮಾತ್ರ ಗುಂಯ್ ಅಂತ ತುಂಬಿಕೊಳ್ಳುತ್ತದೆ. ಹೊನ್ನಾವರ ಬರುವಾಗ ನಸುಬೆಳಕು. ಅಮ್ಮನನ್ನು ಎಬ್ಬಿಸಿ ಕಿಟಕಿ ಹತ್ತಿರ ಕೂರಿಸಿದೆ. ಶರಾವತಿ ಸೇತುವೆ ಎರಡು ಕಿ.ಮೀ.ಗಿಂತ ಉದ್ದ, ಕೊಂಕಣ ರೈಲಿನ ದಾರಿಯಲ್ಲೇ ಅತಿ ಉದ್ದದ್ದು. ಎರಡೂ ಕಡೆ ಬೂದುಬಣ್ಣದ ನೀರು, ದೂರದಲ್ಲಿ ಒಂದೇ ಒಂದು ದೋಣಿ. ಅಮ್ಮ ಕೈ ಮುಗಿದರು. ಸೇತುವೆ ಮುಗಿಯುವ ತನಕ ಕೈ ಇಳಿಸಲಿಲ್ಲ.

ಸ್ಲೀಪರ್ ಟಿಕೆಟ್ಟಿಗೆ ತಲೆಗೆ ನಾನೂರು ಚಿಲ್ಲರೆ. ಕೊಂಕಣ ರೈಲಿನ ದಾರಿಗೆ ಪೂರ್ತಿ ವಿದ್ಯುತ್ ಬಂದದ್ದು 2022ರಲ್ಲಿ, ಹಾಗಾಗಿ ಕರಾವಳಿ ಉದ್ದಕ್ಕೂ ಡೀಸೆಲ್ ಹೊಗೆಯೂ ಇಲ್ಲ.

ಇನ್ನು ತೊಂದರೆಯ ವಿಷಯ. ‘ಗೋಕರ್ಣ ರೋಡ್’ ಅನ್ನುವ ಹೆಸರಿನಲ್ಲಿರುವ ಆ ‘ರೋಡ್’ ಇದೆಯಲ್ಲ, ಅದನ್ನು ಗಮನವಿಟ್ಟು ಓದಿಕೊಳ್ಳಿ. ನಿಲ್ದಾಣ ಗೋಕರ್ಣದಲ್ಲಿಲ್ಲ. ಅಲ್ಲಿಂದ ಊರಿಗೆ ಎಂಟೊಂಬತ್ತು ಕಿ.ಮೀ. ನಾವು ಇಳಿದಾಗ ಮುಂಜಾನೆ, ಜೊತೆಗೆ ಇಳಿದವರು ಮೂವತ್ತು ನಲವತ್ತು ಜನ. ಹೊರಗೆ ಆಟೋಗಳಿದ್ದವು, ಬಸ್ಸು ಇರಲಿಲ್ಲ. ‘ಬಸ್ಸು ಇಲ್ಲಿ ತನಕ ಬರೂದಿಲ್ಲ ಅಕ್ಕಾ, ಹೈವೇಗೆ ಹೋಗ್ಬೇಕು’ ಅಂದರು ಒಬ್ಬ ಆಟೋದವರು. ಬ್ಯಾಗು ಹೊತ್ತ ಹುಡುಗರು ಬೆಳಗಿನ ತಂಪಿನಲ್ಲಿ ನಡೆದೇ ಹೋದರು. ಅಮ್ಮನ ಮಂಡಿ ಇಟ್ಟುಕೊಂಡು ಆ ಸಾಹಸ ಆಗುವುದಿಲ್ಲ. 350 ಕೊಟ್ಟು ಆಟೋ ಹತ್ತಿದೆ. ಇನ್ನೊಬ್ಬರನ್ನು ಸೇರಿಸಿಕೊಂಡು ಹಂಚಿಕೊಳ್ಳೋಣ ಅಂದರೆ, ಅಷ್ಟರಲ್ಲಿ ಎಲ್ಲರೂ ಒಬ್ಬೊಬ್ಬರೇ ಒಂದೊಂದು ಆಟೋ ಹಿಡಿದು ಹೊರಟಾಗಿತ್ತು.

ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಬೇರೆ. ರಾತ್ರಿಯಿಡೀ ನೂರಾರು ಜನ ಒಂದೇ ಗಾಡಿಯಲ್ಲಿ ಬಂದೆವು. ಕೊನೆಯ ಎಂಟೊಂಬತ್ತು ಕಿ.ಮೀ.ಗೆ ಚದುರಿ ಆಟೋಗಳ ಸಾಲು ಮಾಡಿದೆವು. ಗಾಡಿ ಬರುವ ಹೊತ್ತಿಗೆ ಅಲ್ಲೊಂದು ಮಿನಿ ಬಸ್ಸು ನಿಂತಿದ್ದರೆ ಕಾರು ತರುವ ಎಷ್ಟೋ ಮನೆಯವರು ರೈಲಿಗೆ ಬಂದಾರು. ಕಾರಿನ ಪರವಾಗಿ ನಮ್ಮನೆಯವರು ಇವತ್ತಿಗೂ ಹೇಳುವ ಒಂದೇ ಮಾತು, ‘ಇಳಿದ ಮೇಲೆ ಏನು ಮಾಡ್ತೀಯ?’ ಅಂತ.

ಉತ್ತರ ಸಿಕ್ಕಿದ್ದು ಮರಳುವಾಗ, ಊರಿನ ಹೂವಿನಂಗಡಿಯ ಹೆಂಗಸಿನಿಂದ. ‘ಗೋಕರ್ಣ ರೋಡಿಗೆ ಯಾಕೆ ಹೋಗ್ತ್ರಿ? ಕುಮಟಾಕ್ಕೆ ಹೋಗಿ, ಬಸ್ಸು ಬೇಕಾದಷ್ಟಿದೆ’ ಅಂದರು. ಗೋಕರ್ಣದ ಬಸ್ ನಿಲ್ದಾಣದಲ್ಲಿ ಕುಮಟಾದ ಸಾಮಾನ್ಯ ಬಸ್ಸು ಹತ್ತಿದೆವು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲವಲ್ಲ, ಆಧಾರ್ ತೋರಿಸಿ ಇಬ್ಬರಿಗೂ ಜೀರೋ ಟಿಕೆಟ್. ಮೂವತ್ತು ಚಿಲ್ಲರೆ ಕಿ.ಮೀ., ಸುಮಾರು ಒಂದು ಗಂಟೆ. ಪಕ್ಕದಲ್ಲಿ ಕೂತ ಅಜ್ಜಿಯ ಬುಟ್ಟಿಯಲ್ಲಿ ಹರಿವೆ ಸೊಪ್ಪು. ಅಮ್ಮನಿಗೂ ಅವರಿಗೂ ಕುಮಟಾ ಬರುವ ತನಕ ಸೊಸೆಯಂದಿರದೇ ಮಾತು. ಕುಮಟಾ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಮಾತ್ರ ಒಂದು ಸಣ್ಣ ಆಟೋ ಸವಾರಿ. ಬೆಂಗಳೂರಿನಿಂದ ಬರುವಾಗ ಕುಮಟಾ ಗೋಕರ್ಣ ರೋಡಿಗಿಂತ ಮುಂಚೆಯೇ ಸಿಗುತ್ತದೆ. ಇಳಿದು, ಬಸ್ ನಿಲ್ದಾಣದ ಹತ್ತಿರ ಇಡ್ಲಿ ತಿಂದು, ಬಸ್ಸು ಹಿಡಿದರಾಯಿತು. ಒಂದೂವರೆ ಗಂಟೆ ಜಾಸ್ತಿ ಹಿಡಿಯುತ್ತದೆ. ಆ ಬಸ್ಸು ನಾವಿದ್ದರೂ ಇಲ್ಲದಿದ್ದರೂ ಹೇಗೂ ಓಡುತ್ತದೆ.

ರೈಲಿನಲ್ಲಿ ಹೋದದ್ದರಿಂದ ಸಾಮಾನು ತಾನಾಗಿಯೇ ಕಡಿಮೆಯಾಯಿತು. ಎರಡು ಸ್ಟೀಲ್ ಬಾಟಲಿ, ಎರಡು ಡಬ್ಬಿ, ಒಂದು ಬಟ್ಟೆ ಚೀಲ. ಕೋಣೆ ಗೊತ್ತು ಮಾಡುವಾಗಲೇ ಕುಡಿಯಲು ಕಾಯಿಸಿದ ನೀರು ಕೊಡುತ್ತೀರಾ ಅಂತ ಕೇಳಿಕೊಂಡೆ. ದಿನಾ ಬೆಳಿಗ್ಗೆ ಬಾಟಲಿ ತುಂಬಿಸಿ ಕೊಟ್ಟರು. ಬಾಟಲಿ ನೀರು ಒಂದೂ ಕೊಳ್ಳಲಿಲ್ಲ.

ಕಾರಿದ್ದಾಗ ನೋಡದ ಒಂದು ಜಾಗ ಈ ಸಲ ನೋಡಿದೆವು. ಊರಿಂದ ಬಸ್ಸಿನಲ್ಲಿ ತದಡಿಗೆ ಹೋದೆವು, ಅಘನಾಶಿನಿ ಸಮುದ್ರ ಸೇರುವ ಕಡೆ. ಅಣೆಕಟ್ಟಿಲ್ಲದೆ ಹರಿಯುವ ಹೊಳೆ ಅದು. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಕಾಲಲ್ಲೇ ತಡಕಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದರು. ಒಬ್ಬರು ಬುಟ್ಟಿ ಓರೆ ಮಾಡಿ ತೋರಿಸಿದರು. ಚಿಪ್ಪುಗಳ ನಡುವೆ ಒಂದು ಬಾಟಲಿ ಮುಚ್ಚಳವೂ ಇತ್ತು, ನೀಲಿಯದು. ನನಗೆ ಆ ಗುಂಡಿ ನೆನಪಾಯಿತು. ಅವರು ಅದನ್ನು ಹೆಕ್ಕಿ ಸೆರಗಿನ ಗಂಟಿಗೆ ಸೇರಿಸಿದರು, ನೀರಿಗೆ ಮತ್ತೆ ಎಸೆಯಲಿಲ್ಲ.

ಯಾರಿಗೆ ಯಾವುದು? ಐದು ಜನ ತುಂಬಿ ಹೋಗುವುದಾದರೆ, ನಡೆಯಲಾಗದ ಹಿರಿಯರಿದ್ದರೆ ಕಾರು ತಪ್ಪೇನಲ್ಲ, ಆದರೆ ಡಿಕ್ಕಿಯಲ್ಲಿ ಹೋದದ್ದು ಡಿಕ್ಕಿಯಲ್ಲೇ ವಾಪಸ್ ಬರಲಿ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಆಫೀಸಿಗೆ ಬರಬೇಕಾದವರಿಗೆ ಬಸ್ಸು ಸರಿ. ನಾನು ಎಲ್ಲಿ ಬೇಕಾದರೂ ನಿದ್ದೆ ಮಾಡುವವಳು, ಮನೆ ಊಟ ಕಟ್ಟಿಕೊಂಡು ಹೋಗುವವಳು. ನನಗೆ ರೈಲೇ ಸರಿ, ಇಬ್ಬರ ಓಡಾಟವೆಲ್ಲ ಸೇರಿ 2,500 ರೂಪಾಯಿ ದಾಟಲಿಲ್ಲ. ಒಂದೇ ಎಚ್ಚರಿಕೆ, ರೈಲಿನ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ, ರಜೆ ಇದ್ದರೆ ಬೇಗ ತುಂಬಿಹೋಗುತ್ತದೆ.

ನವೆಂಬರ್‌ಗೆ ಮತ್ತೆ ಹೊರಡುತ್ತಿದ್ದೇವೆ. ಟಿಕೆಟ್ ಕುಮಟಾಕ್ಕೇ. ಈ ಸಲ ನಮ್ಮನೆಯವರೂ ಬರುತ್ತಾರಂತೆ, ಬಸ್ಸಿನ ಟಿಕೆಟ್ ಅವರೊಬ್ಬರಿಗೆ ಮಾತ್ರ ಕೊಳ್ಳಬೇಕು.